ಬಲಗಡೆ ಬಿದ್ದ ಹೂವು

ದೇವರ ಬಲಭುಜದ ಹೂವು ಪಟ್ಟನೆ ಬಿದ್ದಾಗ ನಮ್ಮ ಮಾವನವರ ಮುಖ ಹರಳೆಣ್ಣೆ ಕುಡಿದಂತಾಯಿತು. ಮಲಗಿದ್ದ ಚಾಪೆಯಿಂದಲೇ, "ಇನ್ನೊಂದ್ ಸಲ ಕೇಳಾನ," ಅಂದರು.

"ದೇವ್ರುನ್ನ ಎಷ್ಟ್ ಸಲ ಕೇಳ್ತೀರಾ? ಗಾಡಿ ಕಟ್ಸಿ!" ಅಂದರು ಅತ್ತೆ.

ಮಾವನವರ ಕಾಲಿಗೆ ಜಾಲಿಮುಳ್ಳು ಹೊಕ್ಕು ಎಂಟು ದಿನವಾಗಿತ್ತು. ಪಾದ ಸೋರೆಕಾಯಿಯಂತೆ ಊದಿ, ತೊಡೆಸಂದಿಯಲ್ಲಿ ಗಡ್ಡೆ ಕಟ್ಟಿ, ಚಳಿಜ್ವರದಲ್ಲಿ ನಡುಗುತ್ತಿದ್ದರು. ಆದರೂ ಮಧುಗಿರಿ ಆಸ್ಪತ್ರೆಗೆ ಹೊರಡಲು ಮನೆದೇವರ ಅಪ್ಪಣೆಯೇ ಆಗಬೇಕು. ನೀರಲ್ಲಿ ಅದ್ದಿದ ಹೂವನ್ನು ದೇವರ ಎರಡೂ ಭುಜಕ್ಕೆ ಅಂಟಿಸಿ ಕಾಯಬೇಕು. ಬಲಗಡೆಯದು ಮೊದಲು ಬಿದ್ದರೆ ಹೋಗು, ಎಡಗಡೆಯದು ಬಿದ್ದರೆ ಬೇಡ. ಹಿಂದಿನ ಮೂರು ದಿನವೂ ಎಡಗಡೆಯದೇ ಬಿದ್ದಿತ್ತು. ಡಾಕ್ಟರ ಕತ್ತಿಗೆ ಹೆದರಿ ಸಾಯುತ್ತಿದ್ದವರಿಗೆ ಅಷ್ಟು ಸಾಕಾಗಿತ್ತು.

ಡಾಕ್ಟರು ಕೊಳೆತ ಎರಡು ಬೆರಳು ತೆಗೆದರು. ಇನ್ನೊಂದು ದಿನ ತಡವಾಗಿದ್ದರೆ ಜೀವವೇ ಉಳಿಯುತ್ತಿರಲಿಲ್ಲ ಎಂದು ನಮ್ಮನ್ನೆಲ್ಲ ಚೆನ್ನಾಗಿ ಬೈದರು.

ನಾವೆಲ್ಲ ಆಸ್ಪತ್ರೆಯಲ್ಲಿದ್ದ ಹದಿನೈದು ದಿನ ಮನೆಯಲ್ಲಿ ಪೂಜೆ ನಿಂತಿತ್ತು. ಊರಿಗೆ ಬಂದೊಡನೆ ಮಾವನವರು ಕುಂಟುತ್ತಾ ದೇವರ ಮುಂದೆ ಹೋದರು. ಎಡಭುಜದ ಹೂವು ಒಣಗಿ ಕರ್ರಗಾಗಿದ್ದರೂ ಬಿದ್ದಿರಲಿಲ್ಲ. ಉಗುರಿನಿಂದ ಕೆರೆದರೆ ಅಡಿಯಲ್ಲಿ ಬೆರಳು ದಪ್ಪ ಗಂಧ! ಮಾವನವರು ಅತ್ತೆಯನ್ನು ನೋಡಿದರು, ಅತ್ತೆ ಸೂರು ನೋಡಿದರು.

ಈಗಲೂ ನಮ್ಮ ಮನೆಯಲ್ಲಿ ದೇವರ ಅಪ್ಪಣೆ ಇಲ್ಲದೆ ಯಾರೂ ಆಸ್ಪತ್ರೆಗೆ ಹೋಗುವುದಿಲ್ಲ. ಯಾರ ಮೈ ಸ್ವಲ್ಪ ಬಿಸಿಯಾದರೂ ಮಾವನವರೇ ಅತ್ತೆಯನ್ನು ಕೂಗುತ್ತಾರೆ: "ಲೇ, ಗಂಧ ಒಸಿ ಗಟ್ಟಿಯಾಗಿ ತೇಯ್ಕಂಡು ಬಾರೇ!"