ಬೆರಳಿಟ್ಟು ತೋರಿಸಿದ ಹೆಸರು

ಆ ಬುಧವಾರ ಮಾಡಿದ ಕೆಲಸಗಳು: ಐದೂವರೆಗೆ ನಲ್ಲಿ ಬಂತು, ಎರಡು ಡ್ರಮ್ಮು, ಮೂರು ಕೊಡ ತುಂಬಿಸಿದೆ. ಅಂಗಳ ಗುಡಿಸಿ ನೀರು ಹಾಕಿದೆ. ಹತ್ತು ರೊಟ್ಟಿ ಬಡಿದೆ. ಹೆಸರುಕಾಳು ನೆನೆಹಾಕಿದೆ. ಆಟೋದ ಮೇಲಿನ ಎರಡು ಮೈಕುಗಳ ಧೂಳನ್ನು ಹಸಿ ಬಟ್ಟೆಯಲ್ಲಿ ಒರೆಸಿದೆ. ಮಗಳ ಅಂಕಪಟ್ಟಿಯನ್ನು ಮೂರು ಜೆರಾಕ್ಸ್ ಮಾಡಿಸಿ ತಂದೆ.

ಜೆರಾಕ್ಸ್ ಯಾಕೆಂದರೆ, ಮಗಳು ಪಿಯುಸಿ ಮುಗಿಸಿದ್ದಳು. ಮೇಜಿನ ಮೇಲೆ ಎರಡು ಅರ್ಜಿಗಳಿದ್ದವು. ಒಂದು ನಮ್ಮ ಕೊಟ್ಟೂರಿನಲ್ಲೇ ಬಿ.ಕಾಂ. ಓದುವುದಕ್ಕೆ, ಇನ್ನೊಂದು ದಾವಣಗೆರೆಯಲ್ಲಿ ಪತ್ರಿಕೋದ್ಯಮ ಮತ್ತು ಸಮೂಹ ಸಂವಹನದ ಪದವಿಗೆ. ಎರಡಕ್ಕೂ ಮಾರನೆಯ ದಿನವೇ ಕಡೆಯ ದಿನ. ದಾವಣಗೆರೆಯದನ್ನು ಅವಳು ಪೂರ್ತಿ ತುಂಬಿ ಇಟ್ಟಿದ್ದಳು. ಅಪ್ಪನ ಸಹಿ ಮಾತ್ರ ಬಾಕಿ ಇತ್ತು, ಅದು ವಾರದಿಂದ ಬಾಕಿ ಇತ್ತು.

ನನ್ನ ಗಂಡನದು ಪ್ರಚಾರದ ಆಟೋ. ಸೀರೆ ಅಂಗಡಿಯ ರಿಯಾಯಿತಿ, ನೀರು ಬಿಡುವ ಸರದಿ, ತಪ್ಪಿಸಿಕೊಂಡ ಎಮ್ಮೆ, ತೀರಿಕೊಂಡವರ ಸುದ್ದಿ, ಎಲ್ಲವನ್ನೂ ಊರಿನ ಓಣಿ ಓಣಿಗೆ ಮುಟ್ಟಿಸುತ್ತಾರೆ. ಮೊದಲು ಅವರೇ ಕೂಗುತ್ತಿದ್ದರು. ಮಗಳು ಏಳನೇ ಇಯತ್ತೆಗೆ ಬಂದ ಮೇಲೆ ಅವಳ ದನಿ ಮೈಕಿಗೆ ಚೆನ್ನಾಗಿ ಹೊಂದುತ್ತದೆಂದು ಫೋನಿನಲ್ಲಿ ರೆಕಾರ್ಡ್ ಮಾಡಿಸಿ ಹಾಕತೊಡಗಿದರು.

ಅವಳ ನೋಟ್‌ಬುಕ್ಕಿನಲ್ಲಿ ಮುಂದಿನ ಎಂಟು ವರ್ಷ ಬರೆದಿಟ್ಟಾಗಿತ್ತು. ಮೂರು ವರ್ಷ ಪದವಿ. ರಜೆಯಲ್ಲಿ ಹೊಸಪೇಟೆಯ ಯಾವುದಾದರೂ ಪತ್ರಿಕೆಯಲ್ಲಿ ಕೆಲಸ ಕಲಿಯುವುದು. ಆಮೇಲೆ ರೇಡಿಯೋ ಅಥವಾ ಟಿವಿ. ಕೊನೆಗೆ ಊರಿಗೆ ಬಂದು ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಐದೂ ತಾಲೂಕಿಗೆ ಸೇರಿ, ಫೋನಿನಲ್ಲಿ ದಿನಾ ಹತ್ತು ನಿಮಿಷ ಕೇಳುವಂಥ ಸುದ್ದಿ. ಗುಡೇಕೋಟೆಯಲ್ಲಿ ಕರಡಿ ಹೊಲಕ್ಕೆ ಇಳಿದಿದ್ದು, ಹಂಪಸಾಗರದ ಕಡೆ ಹೊಳೆ ಏರಿದ್ದು, ಯಾವ ಸಂತೆಯಲ್ಲಿ ಕುರಿ ಹೇಗೆ ಹೋಯಿತು ಎಂಬುದು.

"ಅದನ್ನ ನಾನು ಹದಿನೈದು ವರ್ಷದಿಂದ ಆಟೋದಾಗ ಮಾಡಾಕತ್ತೀನಿ. ನನಗ್ಯಾವ ಡಿಗ್ರಿ ಐತಿ?" ಎಂದು ಅವರು ಹಿಂದಿನ ದಿನ ಊಟಕ್ಕೆ ಕೂತಾಗ ಕೇಳಿದ್ದರು.

"ನಿನಗ ಬರಕೊಟ್ಟಿದ್ದನ್ನ ನೀ ಹೇಳ್ತಿ ಅಪ್ಪಾ. ನಾ ಕೇಳಿ ತಿಳಕೊಂಡು ಹೇಳಬೇಕಂತೀನಿ."

"ಕೇಳಿ ತಿಳಕಳ್ಳಾಕ ದಾವಣಗೇರಿಗೆ ಯಾಕ? ನಿಮ್ಮವ್ವನ್ನ ಕೇಳು. ಓಣಿ ಸುದ್ದಿ ಎಲ್ಲಾ ಆಕಿ ಹತ್ರನ ಐತಿ."

ನಾನು ಅವರ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿದ್ದೆ.

ಬುಧವಾರ ಒಂಬತ್ತರ ಸುಮಾರಿಗೆ ಹಿಂದಿನ ಓಣಿಯ ಬಟ್ಟೆ ಅಂಗಡಿಯವರ ಸೊಸೆ ಸೆರಗು ಬಾಯಿಗೆ ಹಿಡಿದು ಓಡಿಬಂದಳು. ಮನೆಯ ಹಿರಿಯರೊಬ್ಬರು ತೀರಿಕೊಂಡಿದ್ದರು, ಮೂರು ಗಂಟೆಗೆ ಮಣ್ಣು. ಗಂಡಸರು ಬೀಗರಿಗೆ ಫೋನ್ ಮಾಡುತ್ತ ಕೂತಿದ್ದರಿಂದ ಆಟೋದವರಿಗೆ ಹೇಳಲು ಅವಳೇ ಬಂದಿದ್ದಳು. ನನ್ನ ಗಂಡ ಹೊರಗೆ ಆಟೋಗೆ ಬ್ಯಾಟರಿ ಕೂರಿಸುತ್ತಿದ್ದರು. ಮಗಳು ಪೆನ್ನು ಹಿಡಿದು ಹೆಸರು ಕೇಳಿದಳು.

ಸೊಸೆ ಹೆಸರು ಹೇಳಲಿಲ್ಲ. ನಮ್ಮಲ್ಲಿ ಸೊಸೆಯರು ಗಂಡನ ಮನೆಯ ಹಿರಿಯರ ಹೆಸರನ್ನು ಬಾಯಲ್ಲಿ ಹೇಳುವುದಿಲ್ಲ. ನಾನೂ ಅಷ್ಟೇ, ಬ್ಯಾಂಕಿನಲ್ಲಿ ಗಂಡನ ಹೆಸರು ಕೇಳಿದರೆ ಪಾಸ್‌ಬುಕ್ ಮುಂದಕ್ಕೆ ಚಾಚುತ್ತೇನೆ. ಹಾಗಾಗಿ ನಾನೇ ಎದ್ದು, ಗೋಡೆಯ ಮೊಳೆಗೆ ಸಿಕ್ಕಿಸಿದ್ದ ಅವರ ಮನೆಯ ಹಳೇ ಲಗ್ನಪತ್ರಿಕೆ ತಂದು ಮಗಳ ಕೈಗೆ ಕೊಟ್ಟೆ. ಅದರಲ್ಲಿ ಮನೆಯ ಹಿರಿಯರಾದ ಅಣ್ಣತಮ್ಮಂದಿರ ಹೆಸರುಗಳು ಒಂದರ ಕೆಳಗೊಂದು ಅಚ್ಚಾಗಿದ್ದವು. ಸೊಸೆ ಎದುರಿಗೆ ನಿಂತು ಮೇಲಿನಿಂದ ಬೆರಳಿಟ್ಟಳು. ಬೆರಳು ಅಣ್ಣನ ಹೆಸರನ್ನು ಮುಚ್ಚಿತು, ಉಗುರಿನ ಕೆಳಗೆ ತಮ್ಮನ ಹೆಸರು ಕಂಡಿತು. ಮಗಳು ಕಂಡದ್ದನ್ನು ಬರೆದುಕೊಂಡಳು. ಸೊಸೆ ಕಣ್ಣೊರೆಸಿಕೊಂಡು ಹೋದಳು.

ನನಗೆ ಒಂದು ಗಳಿಗೆ ಅನುಮಾನ ಬಂದಿತ್ತು. ಆ ತಮ್ಮನನ್ನು ಹಿಂದಿನ ದಿನವಷ್ಟೇ ಗಟ್ಟಿಮುಟ್ಟಾಗಿ ನಿಂತು ಬದನೆಕಾಯಿ ಆರಿಸುತ್ತಿದ್ದಾಗ ನೋಡಿದ್ದೆ. ಆದರೂ ಅಳುತ್ತ ನಿಂತವಳನ್ನು ಎರಡನೇ ಸಲ ಕೇಳುವುದು ಹೇಗೆ ಎಂದು ಬಾಯಿ ಬಿಡಲಿಲ್ಲ. ಇದನ್ನು ಬರೆಯುವಾಗಲೂ ನನ್ನ ಪಾಲಿನದನ್ನು ಬಿಟ್ಟು ಬರೆಯಲಾರೆ.

ಮಗಳು ರೆಕಾರ್ಡ್ ಮಾಡಿಕೊಟ್ಟಳು, ನನ್ನ ಗಂಡ ಅದನ್ನು ಹಾಕಿಕೊಂಡು ಆಟೋ ತೆಗೆದರು. ಹನ್ನೊಂದಕ್ಕೆ ಮಗಳ ಫೋನಿಗೆ ಕರೆ ಬಂತು. ಸ್ಪೀಕರ್ ಹಾಕಿದಳು.

"ತಂಗಿ, ನಾನು ಬಟ್ಟಿ ಅಂಗಡಿಯಾವ. ಜೀವಂತ ಅದೀನಿ ನೋಡವಾ."

ಮಗಳು ನನ್ನ ಮುಖ ನೋಡಿದಳು.

"ಹೋದಾವ ನಮ್ಮಣ್ಣ. ನಿಮ್ಮ ಆಟೋ ನೋಡಿದ್ರ ನಾನು ಲಿಂಗೈಕ್ಯ ಆದೆ ಅಂತ ಕೂಗಿಕೊಂಡು ಹೊಂಟೈತಿ. ಬಂದವರೆಲ್ಲ ನನ್ನ ಕಂಡು ಬೆಚ್ಚಿ ಬೀಳಾಕತ್ಯಾರ. ಒಬ್ಬಾಕಿ ಮುದುಕಿ ಕೈ ಹಿಚುಕಿ ನೋಡಿದ್ಲು. ನಂದು ಹೋಗ್ಲಿ ಬಿಡವಾ. ನಮ್ಮಣ್ಣ ಹೋಗಿದ್ದು ಊರಿಗೆ ಗೊತ್ತಾಗ್ಲಿಲ್ಲಲ್ಲ, ಅದಕ್ಕ ಹೊಟ್ಟಿ ಉರಿತೈತಿ."

ಮಗಳು ಫೋನ್ ಕೆಳಗಿಟ್ಟಳು. ಆಮೇಲೆ ಮೇಜಿಗೆ ಹೋಗಿ, ಬಿ.ಕಾಂ. ಅರ್ಜಿ ಎಳೆದುಕೊಂಡು ತುಂಬತೊಡಗಿದಳು.

"ಒಂದು ಹೆಸರು ನೆಟ್ಟಗ ಕೇಳಾಕ ಬರಲಿಲ್ಲ ನನಗ. ಐದು ತಾಲೂಕಿನ ಸುದ್ದಿ ಮಾಡಾಕಿ ಅಂತ ನಾನು."

"ಫಾರಮ್ಮು ಆಮ್ಯಾಲ ಬರಿ. ಮೂರಕ್ಕ ಮಣ್ಣೈತಿ," ಎಂದೆ.

ಅಷ್ಟರಲ್ಲಿ ನನ್ನ ಗಂಡ ಬಂದರು. ಯಾರೋ ದಾರಿಯಲ್ಲಿ ಹೇಳಿದ್ದರು. ಬೈಯಲಿಲ್ಲ, ಚೊಂಬಿನ ನೀರು ಕುಡಿದು, "ಸರಿ ಹೆಸರು ಹಾಕಿ ಇನ್ನೊಂದು ರೆಕಾರ್ಡ್ ಮಾಡು, ಅದನ್ನ ಹಾಕ್ಕೊಂಡು ಹೋಗ್ತೀನಿ," ಎಂದರು.

"ಮೊದ್ಲಿಂದು ತಪ್ಪು ಅಂತ ಹೇಳಬೇಕಲ್ಲಪ್ಪಾ."

"ಲೇ, ನಾವಾಗೇ ಮೈಕಿನಾಗ ತಪ್ಪು ಅಂತ ಕೂಗಿದ್ರ ನಾಳಿ ಸೀರಿ ಅಂಗಡಿಯಾವ ನಂಬತಾನೇನು? ಎರಡನೇದು ಕೇಳಿದ ಮ್ಯಾಲ ಮೊದ್ಲಿಂದು ತಾನ ಅಳಿಸಿ ಹೋಗ್ತೈತಿ."

"ಹೋಗಲ್ಲ. ಎರಡೂ ಕೇಳಿದೋರು ಇಬ್ಬರೂ ಸತ್ರು ಅಂತಾರ."

ಅವರು ಚೊಂಬು ಕೆಳಗಿಟ್ಟು ಕೂತರು. ಮಗಳು ಹಾಳೆ ತಗೊಂಡು, ಬೆಳಿಗ್ಗೆ ಆಟೋ ಹೋದ ಓಣಿಗಳನ್ನೆಲ್ಲ ಅಪ್ಪನ ಬಾಯಿಂದ ಕೇಳಿ ಬರೆದುಕೊಂಡಳು. ಆಮೇಲೆ ಹೊಸ ಸುದ್ದಿ ಬರೆದಳು. ರೆಕಾರ್ಡ್ ಮಾಡಲಿಲ್ಲ. ಮೊದಲು ಆ ಮನೆಗೆ ಹೋಗೋಣ ಎಂದಳು. ಅವಳು ಹೆದರಿದ್ದಳು, ಚಪ್ಪಲಿ ಎಡಬಲ ಮಾಡಿಕೊಂಡು ಮೆಟ್ಟಿದ್ದಳು. ನಾನು ಜೊತೆಗೆ ಹೋದೆ.

ಫೋನ್ ಮಾಡಿದ್ದ ತಮ್ಮ ಹೊರಗೆ ಕಟ್ಟೆಯ ಮೇಲೆ ಕೂತಿದ್ದರು. ಒಳಗೆ ಅಣ್ಣನನ್ನು ಗೋಡೆಗೆ ಆನಿಸಿ ಕೂರಿಸಿ ವಿಭೂತಿ ಹಚ್ಚಿದ್ದರು. ಹೆಂಗಸರ ನಡುವೆ ಆ ಸೊಸೆ ತಲೆ ಎತ್ತದೆ ಕೂತಿದ್ದಳು. ಮನೆಯವರು ಅವಳಿಗೆ ಏನೋ ಅಂದಿದ್ದರೆಂದು ಕಾಣುತ್ತಿತ್ತು.

ಮಗಳು, "ಅಜ್ಜಾರ, ಒಮ್ಮಿ ಕೇಳ್ರಿ," ಎಂದು ಬರೆದಿದ್ದನ್ನು ಓದಿದಳು.

"ವಯಸ್ಸು ತಪ್ಪೈತಿ. ಎಪ್ಪತ್ತೊಂಬತ್ತು," ಎಂದರು ಅವರು. ಮಗಳು ತಿದ್ದಿ, ಮತ್ತೆ ಮೊದಲಿನಿಂದ ಓದಿದಳು.

"ಬಟ್ಟಿ ಅಂಗಡಿಯವರು ಅಂದ್ರ ಎಲ್ಲಾರೂ ನನ್ನ ತಿಳಕಂತಾರ. ಅವನು ಅಂಗಡ್ಯಾಗ ಕೂತಾವಲ್ಲ, ಹೊಲಿಗಿ ಹಾಕಾವ. ಈ ಊರಿನ ಅರ್ಧ ಮಂದಿ ಸಾಲಿ ಅಂಗಿ ಅವನ ಹೊಲಿದಿದ್ದು. ಅದನ್ನ ಬರಿ."

ಬರೆದಳು. ಮೂರನೇ ಸಲ ಓದಿದಾಗ ಮುದುಕರು ತಲೆಯಾಡಿಸಿ ಕಣ್ಣು ಒರೆಸಿಕೊಂಡರು.

ನಾನು ಸಾವಿನ ಮನೆಯಲ್ಲೇ ಉಳಿದೆ. ಮಗಳು ಅಪ್ಪ ತಂದು ನಿಲ್ಲಿಸಿದ ಆಟೋ ಹತ್ತಿ, ಮೈಕು ಕೈಯಲ್ಲೇ ಹಿಡಿದು ಹೋದಳು. ದೂರದಿಂದ ದನಿ ಬಂತು: "ಬೆಳಿಗ್ಗೆ ನಾವು ಹೇಳಿದ ಹೆಸರು ತಪ್ಪು. ತೀರಿಕೊಂಡವರು ಅವರ ಅಣ್ಣ, ನಿಮ್ಮ ಶಾಲೆಯ ಅಂಗಿ ಹೊಲಿದವರು. ತಪ್ಪು ಆಟೋದವರದು, ಮನೆಯವರದಲ್ಲ." ಕೊನೆಯ ಮಾತು ಹಾಳೆಯಲ್ಲಿ ಇರಲಿಲ್ಲ. ಸೊಸೆ ಆಗ ತಲೆ ಎತ್ತಿದಳು.

ಒಂದು ಗಂಟೆಯಿಂದ ಜನ ಬರತೊಡಗಿದರು. ಗ್ಯಾರೇಜಿನವರು, ಬಸ್ ಕಂಡಕ್ಟರು, ಇಬ್ಬರು ಟೀಚರು, ಬ್ಯಾಂಕಿನವರೊಬ್ಬರು. ಬೆಳೆಯುವ ಹುಡುಗ ಅಂತ ತನ್ನ ಅಂಗಿಯ ತೋಳನ್ನು ಒಂದು ಗೇಣು ಉದ್ದ ಇಟ್ಟಿದ್ದರೆಂದು ಒಬ್ಬರು ಹೇಳಿಕೊಂಡರು. ಹಡಗಲಿಯ ಬೀಗರು ಮಲ್ಲಿಗೆ ಹಾರ ಹಿಡಿದು, ಬೆಳಗಿನ ಕೂಗು ಕೇಳಿದ ಯಾರೋ ಫೋನಿನಲ್ಲಿ ಹೇಳಿದ ತಮ್ಮನ ಹೆಸರನ್ನೇ ನಂಬಿ ಅಳುತ್ತ ಇಳಿದವರು, ಓಣಿಯ ಮೂಲೆಯಲ್ಲಿ ಆಟೋದ ಮಾತು ಕೇಳಿ ಅಲ್ಲೇ ನಿಂತುಬಿಟ್ಟರು. ತಮ್ಮನೇ ಎದ್ದು ಹೋಗಿ ಕರೆತಂದು, ಹಾರವನ್ನು ಅಣ್ಣನ ಕೊರಳಿಗೆ ಹಾಕಿಸಿದರು.

ಮಣ್ಣು ಮುಗಿಸಿ ಬರುವಾಗ ಬಟ್ಟೆ ಅಂಗಡಿಯವರು ನನ್ನ ಗಂಡನ ಹೆಗಲ ಮೇಲೆ ಕೈಯಿಟ್ಟರು. "ಇಷ್ಟು ವರ್ಷ ಎಷ್ಟು ಮಂದಿ ಸಾವು ಸಾರಿಯೋ ಏನೋ. ಮನಿಗೆ ಬಂದು ಓದಿ ಹೇಳಿದ್ದು ನಿನ್ನ ಮಗಳ ಒಬ್ಬಾಕಿ. ನೀ ಎಂದರ ಬಂದಿದ್ದೇನು?"

"ಇಲ್ಲರಿ," ಎಂದರು ಇವರು.

ಮನೆಗೆ ಬಂದು ಮೂವರೂ ತಲೆಗೆ ನೀರು ಹಾಕಿಕೊಂಡೆವು. ಮಗಳು ಅರ್ಧ ತುಂಬಿದ್ದ ಬಿ.ಕಾಂ. ಅರ್ಜಿಯ ಮುಂದೆ ಪೆನ್ನು ಹಿಡಿದು ಕೂತಳು, ಬರೆಯಲಿಲ್ಲ. ಅವರು ಒದ್ದೆ ತಲೆಯಲ್ಲೇ ಬಂದು ಅದನ್ನು ಪಕ್ಕಕ್ಕೆ ಸರಿಸಿದರು.

"ಇನ್ನೊಂದು ಎಲ್ಲೈತಿ?"

"ನಾ ಇವತ್ತ ಏನು ಮಾಡ್ದೆ ಅಂತ ನೋಡಿದಿಲ್ಲಪ್ಪಾ."

"ನೋಡೀನಿ. ಕೇಳಿ ತಿಳಕೊಂಡು ಹೇಳಬೇಕು ಅಂದ್ಯಲ್ಲ, ಹೆಂಗ ಕೇಳಬೇಕು ಅಂತ ನನಗೂ ಗೊತ್ತಿಲ್ಲ. ಅಲ್ಲಿ ಕಲತು ಬಾ. ಎಲ್ಲಿ ಹಾಕಬೇಕು ಸಹಿ?"

ಅವಳು ಜಾಗ ತೋರಿಸಿದಳು. ಅವರು ಕನ್ನಡಕ ಹಾಕಿಕೊಂಡು, ಅರ್ಜಿಯನ್ನು ಮೊದಲ ಸಾಲಿನಿಂದ ಕೊನೆಯ ತನಕ ಓದಿಸಿಕೊಂಡು, ಆಮೇಲೆ ಹಾಕಿದರು. ಬೆಳಿಗ್ಗೆ ದಾವಣಗೆರೆ ಬಸ್ಸು ಆರೂಕಾಲಿಗೆ.

ಬೆಳಗಿನ ರೊಟ್ಟಿ ಹಾಗೇ ಉಳಿದಿತ್ತು. ನಾವಿಬ್ಬರೂ ಅದನ್ನೇ ಹೆಸರುಕಾಳು ಪಲ್ಯ, ಶೇಂಗಾ ಚಟ್ನಿ ಹಚ್ಚಿಕೊಂಡು ಉಂಡೆವು. ಮೈಕಿನಲ್ಲಿ ಕೂಗಿ ಕೂಗಿ ಮಗಳ ದನಿ ಒಡೆದಿತ್ತು, ಅವಳಿಗೆ ಮೆತ್ತಗೆ ಅನ್ನ, ಮೆಣಸಿನ ಸಾರು ಮಾಡಿಕೊಟ್ಟೆ. ಎಂಟಕ್ಕೆಲ್ಲ ಅವಳೇ ಮೊದಲು ಮಲಗಿದಳು.