ಸೇತುವೆಗಾಗಿ ಹೋರಾಡಿದ ಗ್ರಿಬಲ್ ಸಾಹೇಬರು

ನಮ್ಮ ಶಾಸಕ ಗ್ರಿಬಲ್ ಸಾಹೇಬರು ಊರಿಗೆ ಬಂದಾಗ ರೈಲಿನಿಂದ ಮೊದಲು ಹೊಟ್ಟೆ ಇಳಿಯುತ್ತದೆ, ಆಮೇಲೆ ಅವರು. ಸರ್ಕಾರದ ಪುಕ್ಕಟೆ ರೈಲು ಪಾಸನ್ನು ಗಡಿಯಾರದ ಸರಪಳಿಗೆ ನೇತುಹಾಕಿಕೊಂಡು ನನ್ನ ಅಂಗಡಿಗೆ ಬಂದು, ಟೋಪಿಗಳನ್ನೆಲ್ಲ ತಲೆಗಿಟ್ಟು ನೋಡಿ, ಒಂದನ್ನೂ ಕೊಳ್ಳದೆ, ಉಣ್ಣೆ ಕತ್ತರಿಸುವವರ ಎದುರು ಕೂಲಿಗಳ ಪರವಾಗಿ, ಕುರಿಮಂದೆಗಳ ಒಡೆಯರ ಎದುರು ಧಣಿಗಳ ಪರವಾಗಿ ಮಾತಾಡಿ ಹೋಗುತ್ತಾರೆ. ನೆರೆ ಬಂದಾಗಲೆಲ್ಲ ಒಂದು ಹೆಣ ಕೇಳುವ ನಮ್ಮ ಹೊಳೆಗೆ ಸೇತುವೆ ಯಾವಾಗ ಎಂದರೆ, "ಸಭೇಲಿ ಹ್ಯಾಗೆ ಗುಡುಗ್ತೀನಿ ನೋಡ್ತಿರಿ!" ಎನ್ನುತ್ತಾರೆ. ಸರಕು ತರಲು ಸಿಡ್ನಿಗೆ ಹೋದವನು ಆ ಗುಡುಗನ್ನೂ ಕೇಳಿಬಿಡೋಣವೆಂದು ಶಾಸನಸಭೆಯ ಗ್ಯಾಲರಿಯಲ್ಲಿ ಕುಳಿತೆ. ಅಲ್ಲಿ ಮತ ಹಾಕುವುದೆಂದರೆ ಜಾಗ ಹಿಡಿದು ಕೂರುವುದು: ಬೇಕೆನ್ನುವವರು ಬಲಕ್ಕೆ, ಬೇಡವೆನ್ನುವವರು ಎಡಕ್ಕೆ. ಸೇತುವೆಯ ಮತಕ್ಕೆ ಗಂಟೆ ಬಾರಿಸಿದಾಗ ಊಟದ ಕೋಣೆಯಿಂದ ಬಾಯೊರೆಸಿಕೊಳ್ಳುತ್ತ ಓಡಿಬಂದ ಸಾಹೇಬರು ಹತ್ತಿರ ಕಂಡ ಎಡಗಡೆಯ ಮೆತ್ತೆಯ ಮೇಲೆ ಕುಸಿದರು. ಬಾಗಿಲು ಹಾಕಿದ ಮೇಲೆ ಜಾಗ ಬದಲಿಸುವಂತಿಲ್ಲ. ಒಂದೇ ಮತದಿಂದ, ಕಟ್ಟುವ ಮೊದಲೇ ನಮ್ಮ ಸೇತುವೆ ಬಿತ್ತು. ಎದ್ದು ಹೊರಡುವಾಗ ಸಾಹೇಬರು ಗ್ಯಾಲರಿಯಲ್ಲಿದ್ದ ನನ್ನನ್ನು ಕಂಡರು. ಊರಿಗೆ ಬಂದು ಹೇಳಿದರೆ, "ಸಾಹೇಬ್ರು ಟೋಪಿ ಕೊಳ್ಳಲಿಲ್ಲಾಂತ ಹೊಟ್ಟೆಯುರಿ ಕಣಯ್ಯ ನಿಂಗೆ," ಎಂದು ಊರವರು ನಕ್ಕರು. ಮುಂದಿನ ವಾರ ಸಾಹೇಬರು ಊರಲ್ಲಿ ಭಾಷಣ ಮಾಡಿ, ಕೊನೆಯವರೆಗೂ ಹೋರಾಡಿದೆನೆಂದು ಕಣ್ಣೊರೆಸಿಕೊಂಡರು. ಅದೇ ಹೊಳೆಗೆ ಗಂಡನನ್ನು ಕೊಟ್ಟ ಹನೋರಾ ಮಲ್ಕೇಹಿ, ಸೊಂಟಮಟ್ಟದ ನೀರು ಹಾಯ್ದು, ತಲೆಯ ಮೇಲೆ ಕೇಕಿನ ಡಬ್ಬಿ ಹೊತ್ತು ಬಂದಿದ್ದಳು. "ನಮ್ಮಂಥೋರಿಗೆ ಅಂತ ಇರೋರು ನೀವೊಬ್ರೇ ಸಾಹೇಬ್ರೇ, ತಿನ್ನಿ," ಎಂದಳು. ಸಾಹೇಬರು ನನ್ನನ್ನೊಮ್ಮೆ ನೋಡಿ ಕಣ್ಣು ತಗ್ಗಿಸಿದರು. ಆಮೇಲೆ, ಅವಳ ಲಂಗದಿಂದ ಇನ್ನೂ ನೀರು ತೊಟ್ಟಿಕ್ಕುತ್ತಿರುವಾಗಲೇ, ಎರಡನೆಯ ತುಂಡಿಗೆ ಕೈ ಚಾಚಿದರು.