ಇಪ್ಪತ್ತಾರಕ್ಕೇ ಅಜ್ಜನಾದದ್ದು

ದೆಹಲಿಯಲ್ಲಿ ಮನುಷ್ಯನ ವಯಸ್ಸನ್ನು ನಿರ್ಧರಿಸುವ ಪರಮಾಧಿಕಾರ ಜನನ ಪ್ರಮಾಣಪತ್ರಕ್ಕಿಲ್ಲ, ತರಕಾರಿ ಗಾಡಿಯವನಿಗಿದೆ. ನಾನು ಓಲ್ಡ್ ರಾಜಿಂದರ್ ನಗರಕ್ಕೆ ಟ್ರಂಕು ಹೊತ್ತು ಬಂದಿಳಿದ ಹೊಸತರಲ್ಲಿ ನಮ್ಮ ಗಲ್ಲಿಯ ಮೂಲೆಯ ಗಾಡಿಯವನು ನನ್ನನ್ನು ‘ಬೇಟಾ’ ಎಂದು ಕರೆದು, ಟೊಮೇಟೊ ಜೊತೆ ನಾಲ್ಕು ಹಸಿಮೆಣಸಿನಕಾಯಿಯನ್ನು ಪುಕ್ಕಟೆ ಹಾಕುತ್ತಿದ್ದ. ಐಎಎಸ್ ಪರೀಕ್ಷೆಯ ಮೊದಲ ಮೆಟ್ಟಿಲಾದ ಪ್ರಿಲಿಮ್ಸ್‌ನಲ್ಲಿ ನಾನು ಮೊದಲ ಸಲ ಜಾರಿದ ವರ್ಷ ‘ಭಾಯೀಸಾಬ್’ ಆದೆ, ಮೆಣಸಿನಕಾಯಿ ಎರಡಕ್ಕಿಳಿಯಿತು. ಎರಡನೆಯ ಸಲ ಜಾರಿದಾಗ ‘ಅಂಕಲ್’ ಎಂಬ ಪದವಿ ಸಿಕ್ಕಿತು, ಮೆಣಸಿನಕಾಯಿ ನಿಂತೇಹೋಯಿತು. ಮೂರನೆಯ ಸಲದ ಫಲಿತಾಂಶ ಬಂದ ಮೇಲೆ ಅವನು ನನ್ನನ್ನು ಏನೆಂದೂ ಕರೆಯುವುದಿಲ್ಲ. ಸುಮ್ಮನೆ ಕನಿಕರದಿಂದ ನೋಡಿ ಆಲೂಗೆಡ್ಡೆ ತೂಗುತ್ತಾನೆ. ಇಷ್ಟೆಲ್ಲ ಬಡ್ತಿಗಳು ಅರ್ಜಿ ಹಾಕದೆಯೇ ಬಂದವು. ಆದರೆ ಇವೆಲ್ಲಕ್ಕೂ ಕಲಶವಿಟ್ಟಂತೆ, ಇಪ್ಪತ್ತಾರನೆಯ ವಯಸ್ಸಿಗೇ, ಎದೆಯ ಮೇಲೆ ಬ್ಯಾಡ್ಜು ಸಿಕ್ಕಿಸಿಕೊಂಡು ನಾನು ಅಧಿಕೃತವಾಗಿ ಅಜ್ಜನಾದೆ ಎಂದರೆ ನೀವು ನಂಬಬೇಕು.

ಅದಕ್ಕೆ ಮೊದಲು ನನ್ನ ದಣಿವಿನ ಬಗ್ಗೆ ಒಂದು ಮಾತು. ಗದ್ದೆ ಉತ್ತವನ ದಣಿವಿಗೆ ಒಂದು ಘನತೆಯಿದೆ, ಮೂಟೆ ಹೊತ್ತವನ ದಣಿವಿಗೆ ಲೆಕ್ಕವಿದೆ. ನನ್ನದು ಕೂತವನ ದಣಿವು. ಬೆಳಗ್ಗೆ ಎದ್ದು ಕೂರುವುದು, ಕೂತು ಓದುವುದು, ಓದಿದ್ದನ್ನು ಮರೆತು ಮತ್ತೆ ಕೂರುವುದು. ಯಾರಿಗಾದರೂ ‘ಸುಸ್ತಾಗಿದೆ’ ಎಂದರೆ, ‘ಏನು ಮಾಡಿದೆ ಅಂತ?’ ಎಂದು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಅದಕ್ಕೆ ಇನ್ನೂರೈವತ್ತು ಪದಗಳಿಗೆ ಮೀರದಂತೆ ಉತ್ತರ ಬರೆಯಲು ನಾನು ಮೂರು ವರ್ಷದಿಂದ ಪ್ರಯತ್ನಿಸುತ್ತಿದ್ದೇನೆ.

ಅಂಥ ಒಂದು ಜನವರಿಯ ಬೆಳಗ್ಗೆ ಆರು ಗಂಟೆಗೆ ಸವಿತಕ್ಕನ ಫೋನು ಬಂತು. ಸವಿತಕ್ಕ ನಮ್ಮೂರ ಕಡೆಯವಳು. ಗಂಡನಿಗೆ ಕೇಂದ್ರ ಸರ್ಕಾರದ ಕಚೇರಿಯಲ್ಲಿ ಕೆಲಸ, ಮನೆ ರೋಹಿಣಿಯಲ್ಲಿ. ಭಾನುವಾರಕ್ಕೊಮ್ಮೆ ನನ್ನನ್ನು ಕರೆದು ಅನ್ನ–ಸಾರು ಹಾಕುತ್ತಾಳಾದ್ದರಿಂದ ಉಳಿದ ಆರು ದಿನ ನಾನು ಅವಳ ಮಾತು ಮೀರುವಂತಿಲ್ಲ.

“ಏನೋ ಮಾಡ್ತಿದ್ದೀಯ?”

“ಓದ್ತಿದ್ದೀನಕ್ಕ.”

“ಸುಳ್ಳು ಬೊಗಳ್ಬೇಡ, ದನಿ ಇನ್ನೂ ರಜಾಯಿ ಒಳಗಿದೆ. ನೋಡು, ಅಪ್ಪನ ಟ್ರೇನು ಮಥುರಾ ಹತ್ರ ಮಂಜಲ್ಲಿ ನಿಂತ್ಬಿಟ್ಟಿದೆ. ಯಾರದೋ ಮೊಬೈಲಿಂದ ಮಾಡಿದ್ರು, ಕಿಟಕಿ ಆಚೆ ಬಿಳೀದು ಬಿಟ್ರೆ ಏನೂ ಕಾಣ್ತಿಲ್ವಂತೆ. ಇವತ್ತು ಇಂಚರನ ಸ್ಕೂಲಲ್ಲಿ ಅಜ್ಜ–ಅಜ್ಜಿ ದಿನ. ನೀನೇ ಹೋಗ್ಬೇಕು.”

“ನಾನಾ? ನಾನು ಯಾವ ಕಡೆಯಿಂದ ಅಜ್ಜ?”

“ಅಪ್ಪ–ಅಮ್ಮನ್ನ ಬಿಡಲ್ವಂತೋ. ನೀನು ಹೇಗೂ ಬಿಡುವಾಗಿದ್ದೀಯಲ್ಲ!”

ಪರೀಕ್ಷೆಗೆ ಓದುವವನ ಎದೆಗೆ ಈಟಿಯಂತೆ ನೆಡುವ ವಾಕ್ಯ ಲೋಕದಲ್ಲಿ ಇದೊಂದೇ. ಆದರೆ ಅವಳು ಮುಂದೆ ಹೇಳಿದ್ದು ಕೇಳಿ ನಾನು ಎದ್ದು ಕೂತೆ. ಹೋದ ವರ್ಷ ಅಜ್ಜ–ಅಜ್ಜಿಯರಿಲ್ಲದೆ ಬಂದ ಮಕ್ಕಳನ್ನೆಲ್ಲ ಆರ್ಟ್ ರೂಮಿನಲ್ಲಿ ಕೂರಿಸಿ ಸೇಬುಹಣ್ಣಿಗೆ ಬಣ್ಣ ತುಂಬಲು ಹೇಳಿದ್ದರಂತೆ. ಆಚೆಯಿಂದ ಹಾಡು, ಚಪ್ಪಾಳೆ ಕೇಳುತ್ತಿದ್ದರೆ ಇಂಚರ ಎಂಬ ಸವಿತಕ್ಕನ ಏಳು ವರ್ಷದ ಮಗಳು ಒಂದಾದಮೇಲೊಂದು ಹನ್ನೊಂದು ಸೇಬುಗಳಿಗೆ ಕೆಂಪು ಬಳಿದಿದ್ದಳಂತೆ. ಈ ಸಲ ಕಥೆ ಹೇಳುವ ಕಾರ್ಯಕ್ರಮವಿತ್ತು. ಅಜ್ಜ ತಮ್ಮ ಭಾಷೆಯಲ್ಲಿ ಹೇಳಬೇಕು, ಮೊಮ್ಮಗು ಅದನ್ನು ಹಿಂದಿಯಲ್ಲಿ ಹೇಳಬೇಕು. ಐದು ಭಾನುವಾರ ಫೋನಿನಲ್ಲಿ ಅಜ್ಜನ ಜೊತೆ ತಾಲೀಮು ನಡೆದಿತ್ತು. “ಎದ್ದಾಗಿಂದ ಒಂದೇ ಕೇಳ್ತಿದಾಳೆ ಕಣೋ, ನನ್ನನ್ನ ಮತ್ತೆ ಆರ್ಟ್ ರೂಮ್‌ಗೆ ಹಾಕ್ತಾರಾ ಅಂತ,” ಎಂದಳು ಸವಿತಕ್ಕ.

ಒಂಬತ್ತಕ್ಕೆ ಶಾಲೆಯ ಬಾಗಿಲಲ್ಲಿದ್ದೆ. ಯೂನಿಫಾರ್ಮಿನ ಮೇಲೆ ಎರಡು ಸ್ವೆಟರು, ಮಂಕಿ ಕ್ಯಾಪು ಹಾಕಿದ್ದ ಇಂಚರ ನನ್ನನ್ನು ಅಡಿಯಿಂದ ಮುಡಿಯವರೆಗೆ ಪರಿಶೀಲಿಸಿ, “ಮಾಮ, ಶೇವ್ ಮಾಡಿಲ್ವಲ್ಲ, ಗುಡ್,” ಎಂದಳು. ಮೇಜಿನ ಹಿಂದೆ ರಿಜಿಸ್ಟರು ಹಿಡಿದಿದ್ದ ಟೀಚರು ಮಾತ್ರ ಅಷ್ಟು ಸುಲಭಕ್ಕೆ ಒಪ್ಪಲಿಲ್ಲ. ಫಾರ್ಮಿನಲ್ಲಿ ಅಪ್ಪನ ಕಡೆಯ ದಾದಾ, ದಾದಿ, ಅಮ್ಮನ ಕಡೆಯ ನಾನಾ, ನಾನಿ ಎಂಬ ನಾಲ್ಕೇ ಮನೆಗಳಿದ್ದವು.

“ಬೇಟಾ, ಯೇ ಕೌನ್ ಹೈಂ?”

“ಮ್ಯಾಮ್, ಯೇ ಮೇರೇ ಅಜ್ಜ ಹೈಂ,” ಎಂದಳು ಇಂಚರ, ಕಣ್ಣು ಪಿಳುಕಿಸದೆ. “ಛೋಟೇ ವಾಲೇ.”

ಚಿಕ್ಕಜ್ಜನ ಪಟ್ಟ ಸಿಕ್ಕ ನಾನು ತಕ್ಷಣ ನೆರವಿಗೆ ಹೋದೆ. ನಮ್ಮ ಕಡೆ ಅಜ್ಜನ ಕೊನೆಯ ತಮ್ಮನೂ ಮೊಮ್ಮಗನೂ ಒಂದೇ ತೊಟ್ಟಿಲಲ್ಲಿ ಆಡುವುದುಂಟೆಂದೂ, ವರಸೆಯಲ್ಲಿ ಅಜ್ಜನಾಗಲು ಕೂದಲು ನರೆಯಬೇಕಾಗಿಲ್ಲವೆಂದೂ, ದಕ್ಷಿಣ ಭಾರತದ ಬಂಧುತ್ವ ಪದ್ಧತಿಯ ಬಗ್ಗೆ ಕೋಚಿಂಗ್ ನೋಟ್ಸಿನಿಂದ ನೆನಪಿದ್ದಷ್ಟನ್ನೂ ಒದರಿದೆ. ಓದು ಕೊನೆಗೂ ಒಂದು ಉಪಯೋಗಕ್ಕೆ ಬಂದದ್ದು ಅಂದೇ. ಟೀಚರು ಒಂದು ನಿಮಿಷ ನನ್ನ ಕಣ್ಣ ಕೆಳಗಿನ ಕಪ್ಪನ್ನು ನೋಡಿದರು. ಅದು ನನ್ನ ವಾದಕ್ಕಿಂತ ಬಲವಾದ ದಾಖಲೆಯಾಗಿತ್ತೆಂದು ಕಾಣುತ್ತದೆ. “ಅಚ್ಛಾ, ಚಲೋ,” ಎಂದು ‘ನಾನಾಜಿ’ ಎಂಬ ಬ್ಯಾಡ್ಜನ್ನು ನನ್ನ ಎದೆಗೆ ಚುಚ್ಚಿದರು. ಸ್ವಲ್ಪ ಚರ್ಮಕ್ಕೂ ತಾಗಿತು.

ಮೊದಲಿಗೆ ಕುರ್ಚಿಯಾಟ. ಎರಡನೇ ತರಗತಿಯ ಮಕ್ಕಳ ಕುರ್ಚಿಗಳನ್ನೇ ಸುತ್ತ ಜೋಡಿಸಿದ್ದರು. ಇಷ್ಟು ವೃದ್ಧರ ನಡುವೆ ಗೆದ್ದುಬಿಟ್ಟರೆ ಅನ್ಯಾಯವಾಗುತ್ತದಲ್ಲ ಎಂಬ ಔದಾರ್ಯದ ಚಿಂತೆಯಲ್ಲಿ ನಾನಿದ್ದಾಗಲೇ ಸಂಗೀತ ನಿಂತಿತು. ಮಂಡಿಯ ಆಪರೇಷನ್ ಮಾಡಿಸಿಕೊಂಡು ಮೂರು ತಿಂಗಳಾಗಿದ್ದ, ಕಂದು ಶಾಲಿನ ಒಬ್ಬ ಪಂಜಾಬಿ ದಾದಿ ಸೊಂಟದಿಂದ ನನ್ನನ್ನು ಪಕ್ಕಕ್ಕೆ ಎಸೆದು ಕುರ್ಚಿಯಲ್ಲಿ ಪ್ರತಿಷ್ಠಾಪಿತರಾದರು. “ಓಯ್ ಪುತ್ತರ್, ಖಾನಾ ನಹೀಂ ಖಾತಾ?” ಎಂದು ನೆಲದ ಮೇಲಿದ್ದ ನನ್ನ ಊಟದ ಬಗ್ಗೆ ವಿಚಾರಿಸಿದರು. ಮೂವತ್ತೆರಡು ಹಿರಿಯರಲ್ಲಿ ಮೊದಲು ಔಟಾದವನು ನಾನು. ಇಂಚರ ಮುಖ ಆಚೆ ತಿರುಗಿಸಿಕೊಂಡಳು.

ಬಳಿಕ ಕಥೆಯ ಸರದಿ. ವೇದಿಕೆಯ ಹಿಂದೆ ‘ವಿವಿಧತೆಯಲ್ಲಿ ಏಕತೆ’ ಎಂದು ಹಿಂದಿಯಲ್ಲಿ ಥರ್ಮಾಕೋಲಿನ ಅಕ್ಷರಗಳಿದ್ದವು. ಮೊದಲು ಒಬ್ಬ ಬಂಗಾಳಿ ಅಜ್ಜಿ, ಮೊಸಳೆಯ ಬೆನ್ನೇರಿ ಹೊರಟ ಕೋತಿಯೊಂದು ಎದೆಗುಂಡಿಗೆಯನ್ನು ಮರದ ಮೇಲೇ ಬಿಟ್ಟುಬಂದೆ ಎಂದು ಹೇಳಿ ಪಾರಾದ ಕಥೆ ಹೇಳಿದರು. ಸೊಗಸಾಗಿತ್ತು. ನಂತರ ಗಢವಾಲದ ಅಜ್ಜ ಬಂದರು. ಅವರ ಕಥೆಯಲ್ಲೂ ಒಂದು ಕೋತಿ, ಒಂದು ಮೊಸಳೆ. ಮೂರನೆಯವರು ಬಿಳಿಗಡ್ಡದ ಸರ್ದಾರ್ಜಿ. ಅವರು “ಇಕ್ ಸೀ ಬಾಂದರ್” ಎಂದು ಬಾಯಿ ತೆರೆಯುತ್ತಲೇ ಮಕ್ಕಳೆಲ್ಲ ಒಕ್ಕೊರಲಿನಿಂದ, “ಕಲೇಜಾ ಪೇಡ್ ಪರ್ ಹೈ!” ಎಂದು ಕೂಗಿ ಗುಂಡಿಗೆಯನ್ನು ಮರಕ್ಕೇರಿಸಿಬಿಟ್ಟರು. ಥರ್ಮಾಕೋಲಿನ ಘೋಷಣೆ ಅಷ್ಟು ಅಕ್ಷರಶಃ ನಿಜವಾದೀತೆಂದು ಪ್ರಿನ್ಸಿಪಾಲರೂ ಎಣಿಸಿರಲಿಲ್ಲ. ಅವರು ಮೈಕು ಹಿಡಿದು, ಇನ್ನು ಮುಂದೆ ಬರುವವರು ದಯವಿಟ್ಟು ಬೇರೆ ಕಥೆ ಹೇಳಬೇಕು, ಇಲ್ಲವಾದರೆ ಮಕ್ಕಳನ್ನು ತರಗತಿಗೆ ಕಳಿಸಬೇಕಾಗುತ್ತದೆ ಎಂದರು.

ನಾನು ಇಂಚರಳ ಕಡೆ ನೋಡಿದೆ. ಅವಳ ಮುಖ ಬಿಳಿಚಿತ್ತು.

“ನಮ್ದೂ ಅದೇನಾ?”

“ಹೂಂ. ಪೂರಾ ಯಾದ್ ಮಾಡ್ಕೊಂಡಿದ್ದೆ ಮಾಮ. ಈಗ ಆರ್ಟ್ ರೂಮಾ?”

ಮುಂದಿನ ಹೆಸರು ಅವಳದೇ. ವೇದಿಕೆ ಹತ್ತುವ ಮೂರು ಮೆಟ್ಟಿಲುಗಳಲ್ಲಿ ನನಗೆ ಗೊತ್ತಿದ್ದ ಕಥೆಗಳನ್ನೆಲ್ಲ ನೆನೆದೆ. ಸಂವಿಧಾನದ ಏಳನೆಯ ಅನುಸೂಚಿ ನೆನಪಾಯಿತು, ಕೃಷ್ಣೆಯ ಉಪನದಿಗಳು ಕ್ರಮವಾಗಿ ನೆನಪಾದವು, ಒಂದು ಇರುವೆಯ ಕಥೆಯೂ ನೆನಪಾಗಲಿಲ್ಲ. ಮೈಕಿನ ಮುಂದೆ ಬಾಯಿ ತೆರೆದಾಗ, ನಮ್ಮಮ್ಮ ನನ್ನ ಓದಿನ ಬಗ್ಗೆ ನೆರೆಯವರಿಗೆ ಹೇಳುತ್ತಿದ್ದ ಒಂದು ಮಾತು ತಾನಾಗಿ ಹೊರಬಂತು.

“ಒಂದೂರಲ್ಲಿ ಒಂದು ಗಾಣದ ಎತ್ತಿತ್ತು.”

“ಗಾಣ ಅಂದ್ರೆ?” ಇಂಚರ ಪಿಸುಗುಟ್ಟಿದಳು.

“ಎಣ್ಣೆ ತೆಗೆಯೋ ಮಷೀನು. ಎತ್ತು ಸುತ್ತಬೇಕು.”

ಅವಳು ಮೈಕಿನತ್ತ ತಿರುಗಿದಳು. “ಏಕ್ ಗಾಂವ್ ಮೇಂ ಬಹುತ್ ಬಡೀ ಮಿಕ್ಸಿ ಥೀ. ಉಸ್ಕೋ ಬೈಲ್ ಚಲಾತಾ ಥಾ.”

“ಕೋಲ್ಹೂ, ಬೇಟಾ, ಕೋಲ್ಹೂ!” ಎಂದು ಮುದುಕರೆಲ್ಲ ಹಿಂದಿಯ ಗಾಣವನ್ನು ಒಟ್ಟಿಗೆ ಎತ್ತಿಕೊಟ್ಟರು. ಸಭೆಗೆ ಜೀವ ಬಂತು.

ಮುಂದುವರಿದೆ. ಎತ್ತಿನ ಕಣ್ಣಿಗೆ ಬಟ್ಟೆ ಕಟ್ಟಿದ್ದರು. ಹಾಗಾಗಿ ತಾನು ರಾಜಧಾನಿಗೆ ನಡೆದು ಹೋಗುತ್ತಿದ್ದೇನೆಂದು ಅದು ತಿಳಿದುಕೊಂಡಿತ್ತು. ದಿನಾ ನಡೆಯಿತು, ಮೂರು ವರ್ಷ ನಡೆಯಿತು. ಊರಿಗೆ ಹೋಗುವ ಕಾಗೆಗಳ ಕೈಯಲ್ಲಿ, “ಅಮ್ಮನಿಗೆ ಹೇಳಿ, ಇನ್ನೇನು ತಲುಪಿಯೇಬಿಟ್ಟೆ,” ಎಂದು ಸುದ್ದಿ ಕಳಿಸಿತು. ಒಂದು ದಿನ ಬಟ್ಟೆ ಸಡಿಲಾಗಿ ಜಾರಿತು. ನೋಡುತ್ತದೆ, ಅದೇ ಗೂಟ, ಅದೇ ಅಂಗಳ, ನಿನ್ನೆ ತಾನೇ ಹಾಕಿದ ಸಗಣಿ.

“ವಹೀ ಕಲ್ ವಾಲಾ ಗೋಬರ್!” ಎಂದಳು ಇಂಚರ. ಮಕ್ಕಳು ಉರುಳಾಡಿ ನಕ್ಕರು. ಮುಂದಿನ ಸಾಲಿನ ಒಬ್ಬ ಹುಡುಗ ಮೂಗು ಮುಚ್ಚಿಕೊಂಡ. ನಾನೂ ನಕ್ಕೆ. ನಗು ಮುಗಿದಮೇಲೆ ನನ್ನಲ್ಲಿ ಏನೂ ಉಳಿದಿರಲಿಲ್ಲ.

“ಫಿರ್? ಫಿರ್ ಕ್ಯಾ ಹುಆ?” ಮಕ್ಕಳು.

ಪ್ರಿಯ ಓದುಗರೇ, ‘ಆಮೇಲೆ?’ ಎನ್ನುವ ಆ ‘ಫಿರ್’ ಇತ್ತಲ್ಲ, ಅದನ್ನು ನಾನು ಮೂರು ವರ್ಷದಿಂದ ಅಪ್ಪನ ಫೋನಿನಲ್ಲಿ, ಗೆಳೆಯರ ಕಣ್ಣಲ್ಲಿ, ತರಕಾರಿಯವನ ಮೌನದಲ್ಲಿ ಕೇಳಿ ಕೇಳಿ ಸಾಕಾಗಿದ್ದೆ. ಉತ್ತರ ಗೊತ್ತಿದ್ದರೆ ಎರಡನೇ ಕ್ಲಾಸಿನವರಿಗೆ ಬಚ್ಚಿಡುತ್ತಿದ್ದೆನೇ? ಇಂಚರ ಕತ್ತೆತ್ತಿ ಕಾಯುತ್ತಿದ್ದಳು. ಕಥೆ ಅಲ್ಲಿಗೇ ಬಿದ್ದುಹೋದರೆ ಅದು ಬೀಳುವುದು ಅವಳ ಮೇಲೆಂದು ಗೊತ್ತಿತ್ತು. ಆಗ ಸರ್ದಾರ್ಜಿ, ಕೋಲಿನ ಮೇಲೆ ಗದ್ದವೂರಿ ಅಷ್ಟು ಹೊತ್ತೂ ಗಂಭೀರವಾಗಿ ಕೇಳಿಸಿಕೊಂಡಿದ್ದವರು, ಕೈ ಎತ್ತಿದರು.

“ಪುತ್ತರ್, ಏಕ್ ಬಾತ್ ಬತಾ. ತೇಲ್ ತೋ ನಿಕ್ಲಾ ನಾ?”

ಎಣ್ಣೆ ಬಂತೋ ಇಲ್ಲವೋ. ಅಷ್ಟು ಸುತ್ತು ಹೊಡೆದ ಎತ್ತಿನ ಕಥೆಯಲ್ಲಿ ಈ ಪ್ರಶ್ನೆ ನನಗೆ ಹೊಳೆದೇ ಇರಲಿಲ್ಲ. ಅಮ್ಮನ ಗಾದೆಯಲ್ಲೂ ಎಣ್ಣೆಯ ಪ್ರಸ್ತಾಪವಿರಲಿಲ್ಲ. ನಾನು ಗಾಬರಿಯಿಂದ ಇಂಚರಳತ್ತ ನೋಡಿದೆ. ಅವಳು ನನ್ನ ಮುಖವನ್ನು ಒಂದು ಕ್ಷಣ ನೋಡಿದಳು. ಕನ್ನಡ ಮಾತಾಡಲು ತಡವರಿಸುವ ಹುಡುಗಿ, ಅರ್ಥಮಾಡಿಕೊಳ್ಳುವುದರಲ್ಲಿ ನಿಧಾನಿಯಲ್ಲ. ಅನುವಾದಕ್ಕೆ ನಾನೇನೂ ಕೊಡದಿದ್ದರೂ ಮೈಕನ್ನು ತನ್ನತ್ತ ಎಳೆದುಕೊಂಡಳು.

“ನಿಕ್ಲಾ,” ಎಂದಳು. ಎರಡು ಬೆರಳಿನಿಂದ ಅಳತೆ ತೋರಿಸಿದಳು. “ಥೋಡಾ ಸಾ.” ಇಷ್ಟಕ್ಕೆ ಕಥೆ ಮುಗಿಯುವುದಿಲ್ಲವೆನಿಸಿತೋ ಏನೋ, ಸ್ವಲ್ಪ ಯೋಚಿಸಿ ಸೇರಿಸಿದಳು: “ಫಿರ್ ಬೈಲ್ ಸೋ ಗಯಾ. ಬಸ್.”

ಎತ್ತು ಮಲಗಿತು, ಅಷ್ಟೇ. ಮಕ್ಕಳಿಗೆ ಏನನಿಸಿತೋ ಕಾಣೆ. ಮೂವತ್ತೊಂದು ಮುದಿ ಜೀವಗಳು ಮಾತ್ರ ಅಂಥ ನ್ಯಾಯವಾದ ಮುಕ್ತಾಯವನ್ನು ಎಂದೂ ಕೇಳಿರದವರಂತೆ ಚಪ್ಪಾಳೆ ತಟ್ಟಿದರು. ಸರ್ದಾರ್ಜಿ ಎದ್ದು ನಿಂತೇ ತಟ್ಟಿದರು. ಇಂಚರ ಎರಡೂ ಸ್ವೆಟರುಗಳ ಒಳಗೆ ಉಬ್ಬಿ, ನನ್ನ ಬೆರಳು ಹಿಡಿದು ಕೆಳಗಿಳಿದು, ಆರ್ಟ್ ರೂಮಿನ ಬಾಗಿಲನ್ನು ತಿರುಗಿಯೂ ನೋಡದೆ ದಾಟಿ, ಗೆಳತಿಯರ ಮಧ್ಯೆ ಹೋಗಿ ಕೂತಳು.

ನಾನು ಕಂದು ಶಾಲಿನ ದಾದಿಯ ಪಕ್ಕದ ಪುಟಾಣಿ ಕುರ್ಚಿಯಲ್ಲಿ, ಮಂಡಿ ಕಿವಿಗೆ ತಾಗುವಂತೆ ಕುಳಿತೆ. ದಾದಿ ಶಾಲಿನ ಅರ್ಧವನ್ನು ನನ್ನ ಹೆಗಲಿಗೆ ಎಳೆದರು. ವೇದಿಕೆಯ ಮೇಲೆ ಮರಾಠಿ ಅಜ್ಜಿಯೊಬ್ಬರು ಶುರುಮಾಡಿದ್ದು, ಒಂದು ಚಿಟ್ಟೆ ಎಂದದ್ದು, ಅಷ್ಟು ನೆನಪು. ಸಭೆಯ ನಡುವೆ ತೂಕಡಿಸುವುದು ಅಜ್ಜಂದಿರ ಜನ್ಮಸಿದ್ಧ ಹಕ್ಕು. ಎದೆಯ ಮೇಲೆ ಬ್ಯಾಡ್ಜಿತ್ತು. ನಾನೂ ಅದನ್ನು ಚಲಾಯಿಸಿದೆ. ಎಷ್ಟೋ ವಾರಗಳ ಮೇಲೆ, ನಾಳೆಯ ಟಾಪಿಕ್ಕು ಯಾವುದೆಂದು ಲೆಕ್ಕ ಹಾಕದೆ ಬಂದ ನಿದ್ದೆ.

ಗ್ರೂಪ್ ಫೋಟೋಗೆಂದು ಟೀಚರು ಎಬ್ಬಿಸಲು ಬಂದದ್ದು ಮಂಪರಿನಲ್ಲಿ ಕೇಳಿಸಿತು. ಅದರ ಹಿಂದೆಯೇ, ಓಡಿ ಬಂದ ಪುಟ್ಟ ಬೂಟುಗಳ ಸದ್ದು.

“ಶ್ಶ್, ಮ್ಯಾಮ್! ಅಜ್ಜ ಕೋ ಸೋನೇ ದೋ. ತೇಲ್ ನಿಕಾಲ್ ಕೇ ಆಯೇ ಹೈಂ.”

ಎಣ್ಣೆ ತೆಗೆದು ಬಂದವನು ಏಳಬಹುದಿತ್ತು. ಏಳಲಿಲ್ಲ.